ಕರೆಂಟ್ ಸ್ವಾಮಿ

ಮಾಲೆ ಹಾಕಿಕೊಂಡ ಎಲೆಕ್ಟ್ರಿಷಿಯನ್‌ಗೆ ಎರಡು ಕಡೆಯಿಂದ ಶಾಕ್ ಹೊಡೆಯುತ್ತಲೇ ಇರುತ್ತದೆ. ಒಂದು ಬೋರ್ಡಿನಿಂದ, ಇನ್ನೊಂದು ಭಕ್ತರಿಂದ. ಬೋರ್ಡಿಗಾದರೆ ಫ್ಯೂಸ್ ಇದೆ.

ನಾನು ಚಿತ್ತೂರು ಕಡೆಯವನು. ಮೀಸೆ ಮೂಡುವ ವಯಸ್ಸಿನಲ್ಲಿ ಚಾಮರಾಜಪೇಟೆಗೆ ಬಂದು ವೈರಿಂಗ್ ಕಲಿತೆ. ಗುರುತಿಲ್ಲದ ಊರಿನಲ್ಲಿ ಮೊದಲು ಜೊತೆಯಾದವನು ಅಯ್ಯಪ್ಪ, ಆಮೇಲೆ ಹೆಂಡತಿ. ಹೋದ ವರ್ಷ ಅವಳು ಆಸ್ಪತ್ರೆ ಸೇರಿದಳು. ‘ಇವಳನ್ನು ಮನೆಗೆ ಕಳಿಸಪ್ಪಾ, ಒಂದು ಮಂಡಲ ಬರಿಗಾಲಲ್ಲಿ ವ್ರತ ಮಾಡಿ ಬೆಟ್ಟ ಹತ್ತುತ್ತೇನೆ’ ಎಂದು ಹರಕೆ ಹೊತ್ತೆ. ಅವನು ಕಳಿಸಿಕೊಟ್ಟ. ಮನೆಗೆ ಬಂದವಳು ಹರಕೆಯ ಸುದ್ದಿ ಕೇಳಿ ಹೌಹಾರಿದಳು.

೧. ಮರ್ಯಾದೆಯ ಬೈಗುಳ

ಮಾಲೆ ಹಾಕಿದವನನ್ನು ಎಲ್ಲರೂ ‘ಸ್ವಾಮಿ’ ಎಂದೇ ಕರೆಯಬೇಕು, ಹೆಂಡತಿಯೂ ಸೇರಿ. ಬೈಯುವಂತಿಲ್ಲ. ನಾನೂ ಸಿಟ್ಟಾಗುವಂತಿಲ್ಲ.

“ಸ್ವಾಮೀ, ಕರೆಂಟ್ ಕೆಲ್ಸದೋನು ಬರಿಗಾಲಲ್ಲಿ ಇರ್ತೀನಿ ಅಂತ ದೇವರಿಗೆ ಮಾತು ಕೊಡ್ತಾನಾ? ತಮ್ಮ ತಲೇಲಿ ಬುದ್ಧಿ ಇದೆಯಾ ಸ್ವಾಮೀ?” ಎಂದಳು.

“ಸ್ವಾಮಿ ಶರಣಂ” ಎಂದೆ.

ಕೊನೆಗೆ ಹಳೇ ಬಾಗಿಲಿನ ಒಂದು ಹಲಗೆ ತಂದು ಕೈಗಿಟ್ಟಳು. “ಒಣಗಿದ ಹಲಗೆ ಮೇಲೆ ನಿಂತು ಮಾತ್ರ ಬೋರ್ಡ್ ಮುಟ್ತೀನಿ ಅಂತ ನನ್ನ ಮೇಲೆ ಆಣೆ ಇಡಿ. ನಿಮಗೇನಾದ್ರೂ ಆದ್ರೆ ನಾನು ಹುಷಾರಾಗಿ ಬಂದು ಏನ್ ಪ್ರಯೋಜನ?” ಎನ್ನುವಾಗ ಅವಳ ಕಣ್ಣು ತುಂಬಿತ್ತು. ನನ್ನ ಕಣ್ಣೂ ತುಂಬಿತು. ಆಣೆ ಇಟ್ಟೆ. ಮದುವೆಯಾದಾಗಿನಿಂದ ಅಷ್ಟು ಮರ್ಯಾದೆಯಾಗಿ ನಾನು ಬೈಸಿಕೊಂಡಿದ್ದು ಅದೇ ಮೊದಲು.

೨. ಕಾಲ್ಗುಣ

ಚಿಕ್ಕಪೇಟೆಯ ಒಂದು ಸೀರೆ ಅಂಗಡಿ ಕತ್ತಲಲ್ಲಿ ಕೂತಿತ್ತು. ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ನಾನು ಹೊಸಿಲು ದಾಟಿದ್ದೇ ತಡ, ಬೀದಿಗೆಲ್ಲ ಹೋಗಿದ್ದ ಕರೆಂಟು ಆಗಲೇ ಬಂತು. ಅಂಗಡಿಯ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಸೀರೆ ನೋಡುತ್ತಿದ್ದ ಹೆಂಗಸರು ಎದ್ದು ಕೈ ಮುಗಿದರು.

“ನಾನಿನ್ನೂ ಟೆಸ್ಟರ್ ಕೂಡಾ ತೆಗೆದಿಲ್ಲ ಸಾವ್ಕಾರ್ರೇ” ಎಂದೆ.

“ಅದ್ಯಾಕೆ ಬೇಕು ಸ್ವಾಮೀ” ಎಂದು ಮಾಲೀಕರು ಹಾಲು, ಬಾಳೆಹಣ್ಣು ತರಿಸಿದರು.

ಅಂದಿನಿಂದ ಕರೆಂಟು ಹೋದಾಗಲೆಲ್ಲ ಫೋನು. “ರಿಪೇರಿ ಏನೂ ಬೇಡ ಸ್ವಾಮಿ. ಸುಮ್ನೆ ಬಂದು ಒಂದ್ನಿಮಿಷ ಬಾಗ್ಲಲ್ಲಿ ನಿಂತ್ಕೊಂಡು ಹೋಗಿ.”

೩. ತಣ್ಣೀರು

ಮಲ್ಲೇಶ್ವರದ ರಿಟೈರ್ಡ್ ಮೇಷ್ಟ್ರ ಮನೆಯಲ್ಲಿ ಗೀಸರ್ ಕೆಟ್ಟಿತ್ತು. ಬಚ್ಚಲು, ಕಕ್ಕಸು ಎರಡೂ ಒಂದೇ ಕೋಣೆಯಲ್ಲಿ. ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು.

“ಮಾಲೆ ಹಾಕಿರೋ ಸ್ವಾಮೀನ ಕಕ್ಕಸಿಗೆ ಕಳಿಸಿ ನಾನು ಪಾಪ ಕಟ್ಕೊಳ್ಳಲಾ?”

“ಗೀಸರ್ ಅಲ್ಲೇ ಇದೆಯಲ್ಲ ಸಾರ್?”

“ಇರ್ಲಿ. ಬೆಟ್ಟ ಹತ್ತಿ ಬಂದ್ಮೇಲೆ ಬನ್ನಿ.”

ಬೇರೆಯವರನ್ನು ಕರೆಸಿ ಎಂದರೆ, “ಈ ಮನೆ ವೈರಿಂಗ್ ನಿಮಗೇ ಗೊತ್ತಿರೋದು” ಎಂದರು. ಧನುರ್ಮಾಸದ ಚಳಿಯಲ್ಲಿ ಮೇಷ್ಟ್ರಿಗೆ ದಿನಾ ತಣ್ಣೀರೇ ಗತಿಯಾಯಿತು. ಒಂದು ವಾರವಾದ ಮೇಲೆ ಅವರ ಹೆಂಡತಿ ಫೋನ್ ಮಾಡಿ, “ಸ್ವಾಮೀ, ಮೊದ್ಲು ಸ್ನಾನ ಮಾಡುವಾಗ ಹಾಡ್ತಿದ್ರು. ಈಗ ಬರೀ ಕಿರುಚ್ತಾರೆ. ನಿಮ್ಮ ವ್ರತ ಯಾವಾಗ ಮುಗಿಯುತ್ತೆ?” ಎಂದು ಕೇಳಿದರು.

ಮೇಷ್ಟ್ರು ಬಾಗಿಲಲ್ಲೇ ತಡೆದ ಗಡಿಬಿಡಿಯಲ್ಲಿ ನನ್ನ ಹಲಗೆ ಅವರ ಮನೆಯಲ್ಲೇ ಉಳಿದಿತ್ತು. ಅವರ ಹೆಂಡತಿಯನ್ನೇ ಕೇಳಿದರೆ, “ಸ್ವಾಮಿ ನಿಲ್ಲೋ ಹಲಗೆ ಅಂತ ದೇವರ ಮನೇಲಿಟ್ಟು ಹೂವು ಏರಿಸಿದ್ದಾರೆ, ಕೊಡಲ್ಲ ಅಂತಾರೆ” ಎಂದರು.

೪. ಪಾದಪೂಜೆ

ಹಾಗಾಗಿ ಹಲಗೆ ಇಲ್ಲದೆಯೇ ಬಸವನಗುಡಿಗೆ ಹೋದೆ. ಅಲ್ಲೊಬ್ಬ ಅಜ್ಜಿಯ ಮನೆಯಲ್ಲಿ ಮೊಮ್ಮಗಳ ನಿಶ್ಚಿತಾರ್ಥ. ಗಂಡಿನವರು ಬರುವ ಹೊತ್ತಿಗೆ ಮೇನ್ ಸ್ವಿಚ್ಚೇ ಸುಟ್ಟಿತ್ತು. ಉಳಿದ ಕೆಲಸಕ್ಕಾದರೆ ಮೇನ್ ಆರಿಸಬಹುದು. ಮೇನೇ ಕೆಟ್ಟರೆ ಅದಕ್ಕೆ ಬರುವ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಆಣೆ ನೆನಪಾಯಿತು.

“ಅಜ್ಜೀ, ನಿಂತ್ಕೊಳ್ಳೋಕೆ ಒಂದು ಮಣೆ ಕೊಡಿ” ಎಂದೆ.

ಮಾಲೆ ಹಾಕಿದ ಸ್ವಾಮಿ ಮನೆಗೆ ಬಂದು ಮಣೆ ಕೇಳಿದರೆ ಅಜ್ಜಿಗೆ ಅರ್ಥವಾಗುವುದು ಒಂದೇ. ರಂಗೋಲಿ ಬಿಟ್ಟ ಮಣೆ ಬಂತು. ಹತ್ತಿ ನಿಂತೆ. ಬೋರ್ಡಿಗೆ ಕೈ ಎತ್ತುವಷ್ಟರಲ್ಲಿ ಕಾಲ ಮೇಲೆ ತಣ್ಣಗೆ ಏನೋ ಬಿತ್ತು. ಅಜ್ಜಿ ತಂಬಿಗೆ ಹಿಡಿದು ನನ್ನ ಪಾದ ತೊಳೆಯುತ್ತಿದ್ದರು. ಮಣೆಯೂ ತೊಯ್ದು ತೊಪ್ಪೆ.

“ಅಜ್ಜೀ, ನಿಲ್ಸಿ! ಒರೆಸಿ!”

“ಪಾದಪೂಜೆ ನೀರು ಒರೆಸ್ತಾರಾ ಸ್ವಾಮೀ? ಸುಮ್ನಿರಿ, ಆರತಿ ಇನ್ನೂ ಆಗಿಲ್ಲ.”

ಪೂಜೆ ಬೇಡವೆಂದರೆ ಭಕ್ತಿಗೆ ಅವಮಾನ, ತಂತಿ ಮುಟ್ಟಿದರೆ ನನ್ನ ಕಥೆ ಮುಗಿಯಿತು. ಬೀದಿಯಲ್ಲಿ ಗಂಡಿನವರ ಕಾರು ನಿಂತ ಸದ್ದು. ದಿಕ್ಕು ತೋಚದೆ ಹೆಂಡತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ವಿಷಯ ಹೇಳಿದೆ.

“ಅಮ್ಮಾ,” ಎಂದಳು ತಣ್ಣಗೆ, “ಆ ಸ್ವಾಮಿ ಒದ್ದೆ ಕಾಲಲ್ಲಿ ತಂತಿ ಮುಟ್ಟಿದ್ರೆ, ನಾಳೆಯಿಂದ ಮಾಲೆ ಅವರ ಕುತ್ತಿಗೆಗಲ್ಲ, ಫೋಟೋಗೆ ಹಾಕ್ಬೇಕಾಗುತ್ತೆ.”

ಅಜ್ಜಿ ‘ಅಯ್ಯಯ್ಯೋ’ ಎಂದು ತಂಬಿಗೆ ಬಿಸಾಡಿದರು. ನಿಶ್ಚಿತಾರ್ಥಕ್ಕೆ ತಂದಿದ್ದ ಹೊಸ ಪಂಚೆಯಲ್ಲೇ ನನ್ನ ಕಾಲನ್ನು ಗಸಗಸ ಉಜ್ಜಿ ಒಣಗಿಸಿದರು, ಇನ್ನೊಂದು ಮಣೆ ಹಾಕಿದರು. ಕೆಲಸ ಮುಗಿದು ದೀಪ ಹತ್ತಿದಾಗ ಮನೆಯೆಲ್ಲ ‘ಸ್ವಾಮಿಯೇ ಶರಣಂ ಅಯ್ಯಪ್ಪ’ ಎಂದಿತು. ಫೋನು ಇನ್ನೂ ಕಟ್ ಆಗಿರಲಿಲ್ಲ. ಆ ಕಡೆ ಅವಳು ಅಳು ತಡೆದು ಮೂಗೆಳೆದುಕೊಂಡಿದ್ದು ಆ ಗದ್ದಲದಲ್ಲಿ ನನಗೊಬ್ಬನಿಗೇ ಕೇಳಿಸಿತು.

ಅಜ್ಜಿ ಫೋನ್ ಕಿತ್ತುಕೊಂಡರು. “ನೀನೇ ದೊಡ್ಡ ಸ್ವಾಮಿ ಕಣಮ್ಮಾ! ವಿಳಾಸ ಹೇಳು, ಬಂದು ನಿನ್ನ ಪಾದಾನೂ ತೊಳೀತೀನಿ.”

“ಬನ್ನಿ ಅಮ್ಮಾ,” ಎಂದಳು ನನ್ನ ಹೆಂಡತಿ. “ಬರೋವಾಗ ಟವೆಲ್ ತನ್ನಿ.”