ಗುಡ್ಡಮ್ಮನ ಎತ್ತು ಕುಡಿದ ನಿದ್ದೆ

ಶಿಕಾರಿಪುರದ ಧರ್ಮಪ್ಪ ಮೇಷ್ಟ್ರಿಗೆ ನಿದ್ದೆ ಬರುತ್ತಿದ್ದುದು ಒಂದೇ ಜಾಗದಲ್ಲಿ, ನಾಲ್ಕನೇ ಕ್ಲಾಸಿನ ಕುರ್ಚಿಯ ಮೇಲೆ. ರಾತ್ರಿಯೆಲ್ಲ ಮಗ್ಗುಲು ಬದಲಿಸಿ ಬದಲಿಸಿ ಚಾಪೆ ಸವೆಸುತ್ತಿದ್ದ ಮನುಷ್ಯ, ಬೆಳಿಗ್ಗೆ ಹುಡುಗರು ಮಗ್ಗಿಯ ರಾಗ ಎಳೆದರೆ ಸಾಕು, ಜೋಗುಳ ಕೇಳಿದ ಕೂಸಿನ ಹಾಗೆ ಕತ್ತು ವಾಲಿಸಿಬಿಡುತ್ತಿದ್ದರು. ಮೂರು ತಿಂಗಳಿಂದ ಇದೇ ಪಾಡು.

ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ತರು ಅವರನ್ನು ಪಕ್ಕಕ್ಕೆ ಕರೆದರು. "ಧರ್ಮಪ್ಪನೋರೆ, ಸೋಮವಾರ ಇನ್ಸ್‌ಪೆಕ್ಟರು ಬರ್ತಾರೆ. ಕ್ಲಾಸಲ್ಲಿ ನಿದ್ದೆ ಮಾಡ್ತೀರಿ ಅಂತ ನಿಮ್ಮ ಮ್ಯಾಲೆ ಯಾರೋ ಅರ್ಜಿ ಹಾಕ್ಯಾರೆ. ಅವರ ಮುಂದೆ ಒಂದು ಸಲ ತೂಕಡಿಸಿದ್ರೂ ಕುಂಬ್ರಿಗುಡ್ಡಕ್ಕೆ ವರ್ಗ. ಆಮೇಲೆ ನನ್ನ ಬೈಬ್ಯಾಡ್ರಿ."

ಕುಂಬ್ರಿಗುಡ್ಡವೆಂದರೆ ಸೊರಬದ ಆಚೆ, ಬಸ್ಸಿಳಿದು ಏಳು ಮೈಲಿ ಕಾಡಿನಲ್ಲಿ ನಡೆದರೆ ಸಿಗುವ ಊರು. ಹುಡುಗರಿಗೆ ಅಕ್ಷರದ ಜೊತೆ ಬೇಸಾಯವನ್ನೂ ಕಲಿಸಬೇಕೆಂದು ಸರ್ಕಾರ ಅಲ್ಲೊಂದು ಬೇಸಿಕ್ ಶಾಲೆ ತೆರೆದಿತ್ತು. ಹೋದ ಮೂವರು ಮೇಷ್ಟ್ರುಗಳಲ್ಲಿ ಒಬ್ಬ ಚಳಿಜ್ವರ ಹೊತ್ತು ವಾಪಸ್ಸು ಬಂದ, ಇನ್ನೊಬ್ಬ ಕೆಲಸವನ್ನೇ ಬಿಟ್ಟು ಬಂದ. ಮೂರನೆಯವನು ಹೇಗೆ ಬಂದನೆಂದು ಇವತ್ತಿಗೂ ಬಾಯಿ ಬಿಟ್ಟಿಲ್ಲ.

"ನೀವು ಬೇಕಾದ್ರೆ ಹೋಗ್ರಿ, ನಾನು ತವರಿಗೆ ಹೋಗ್ತೀನಿ" ಎಂದು ಹೆಂಡತಿ ಲೋಕಮ್ಮ ಒಂದೇ ಮಾತಿನಲ್ಲಿ ಮುಗಿಸಿದಳು.

ಧರ್ಮಪ್ಪ ಅಂದೇ ನಿಶ್ಚಯಿಸಿದರು. ಭಾನುವಾರ ರಾತ್ರಿ ನಿದ್ದೆ ಮಾಡಿಯೇ ತೀರಬೇಕು. ಸೈಕಲ್ ತುಳಿದುಕೊಂಡು ಬಳ್ಳಿಗಾವಿಗೆ ಹೋಗಿ ಗೌರೀಶಂಕರ ಪಂಡಿತರ ಮುಂದೆ ಕೂತರು. ಪಂಡಿತರು ನಾಡಿ ಹಿಡಿದು, ನಾಲಗೆ ನೋಡಿ, ಭಂಗಿ ಸೊಪ್ಪು ಎಂದರು.

"ಭಂಗಿನಾ? ನಾನು ಪಾನನಿರೋಧ ಸಂಘದ ಕಾರ್ಯದರ್ಶಿ ಪಂಡಿತ್ರೆ. ಹೋದ ತಿಂಗಳು ಪೇಟೆಯೊಳಗೆ ಅದರ ಮ್ಯಾಲೇ ಒಂದು ತಾಸು ಭಾಷಣ ಮಾಡೀನಿ."

"ಭಾಷಣ ಮಾಡಿದ್ದು ತಪ್ಪಲ್ಲ. ಚಿಲುಮೆಯಲ್ಲಿ ಸೇದೋದಕ್ಕೂ ತುಪ್ಪದಲ್ಲಿ ಹುರಿದು ಹಾಲಿನ ಜೊತೆ ಕುಡಿಯೋದಕ್ಕೂ ವ್ಯತ್ಯಾಸ ಇದೆ. ಒಂದು ಕಡಲೆಕಾಳಿನಷ್ಟು ತಗೊಂಡ್ರೆ ಹಸಿವು ಹುಟ್ಟತದೆ, ನೋವು ಮರೀತದೆ, ನಿದ್ದೆ ಬರ್ತದೆ. ಎರಡು ಕಾಳಿನಷ್ಟಾದ್ರೆ ಕಾರಣ ಇಲ್ಲದೆ ನಗ್ತೀರಿ. ಮೂರಾದ್ರೆ ಎದೆ ಡವಡವ ಅಂತದೆ, ಗೋಡೆ ಜೊತೆ ಜಗಳ ಆಡ್ತೀರಿ. ಮೂರು ದಿನ ಸಾಕು. ನಾಲ್ಕನೇ ದಿನ ಮತ್ತೆ ಬೇಕು ಅನ್ನಿಸಿದ್ರೆ ನನ್ನ ಹತ್ರ ಬನ್ನಿ, ಅದನ್ನ ಬಿಡಿಸೋಕೆ ಬೇರೆ ಔಷಧಿ ಕೊಡಬೇಕಾಗತದೆ. ಈಗ ನನ್ನ ಹತ್ರ ಸೊಪ್ಪು ಮುಗಿದಿದೆ, ಗ್ರಂಧಿಗೆ ಅಂಗಡಿಯಿಂದ ತಂದುಕೊಳ್ಳಿ."

ಶಿಕಾರಿಪುರದ ಗ್ರಂಧಿಗೆ ಅಂಗಡಿಗೆ ಕಾರ್ಯದರ್ಶಿ ಕಾಲಿಡುವಂತಿಲ್ಲ. ಅದಕ್ಕೇ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಡೆ ಹಿಡಿದು, ತಲೆಗೆ ವಸ್ತ್ರ ಸುತ್ತಿ, ಧರ್ಮಪ್ಪ ಸೊರಬಕ್ಕೆ ಹೊರಟರು. ಅಲ್ಲಿ ತಮ್ಮನ್ನು ಬಲ್ಲವರು ಯಾರೂ ಇಲ್ಲವೆಂಬುದು ಅವರ ಲೆಕ್ಕ. ಇಪ್ಪತ್ತೆರಡು ವರ್ಷ ಮೇಷ್ಟ್ರಾಗಿದ್ದವನಿಗೆ ಅಂಥ ಊರು ಭೂಮಿಯ ಮೇಲೆ ಇರುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಸೊರಬದ ಗ್ರಂಧಿಗೆ ಅಂಗಡಿಯಲ್ಲಿ ಗಂಡನ ಕಾಲಾನಂತರ ವ್ಯಾಪಾರ ನೋಡಿಕೊಳ್ಳುತ್ತಿದ್ದ ವರದಮ್ಮ ಕೂತಿದ್ದಳು. ಸೊಪ್ಪಿನ ಹೆಸರು ಕೇಳಿ ಕನ್ನಡಕ ಏರಿಸಿದಳು.

"ಎಂತಕ್ಕೆ? ಮನುಷ್ಯರಿಗಾ, ದನಕ್ಕಾ? ಕೇಳದೆ ಕೊಡೂ ಹಾಂಗಿಲ್ಲ ಮಾರಾಯ್ರೆ, ಸರ್ಕಾರದ ಕಾಯ್ದೆ."

ಧರ್ಮಪ್ಪ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಬಂದು ಕಾಲು ಮುಟ್ಟಿದರು. "ನಮಸ್ಕಾರ ಸಾರ್. ನಾನು ತ್ರ್ಯಂಬಕ. ಭಿನ್ನರಾಶಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ್ರಲ್ಲ. ಈಗ ಇಲ್ಲೇ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು."

"ದನಕ್ಕೆ" ಎಂದರು ಧರ್ಮಪ್ಪ. ಬಾಯಿಗೆ ಬಂದದ್ದು ಅದೊಂದೇ.

"ಯಾರ ದನ ಸಾರ್?"

"ಪಕ್ಕದ ಮನೆ ಗುಡ್ಡಮ್ಮನದು. ಎತ್ತು. ಮೇವು ಬಿಟ್ಟೈತಿ, ಹೊಟ್ಟೆ ಉಬ್ಬೈತಿ. ಪಾಪ, ಒಬ್ಬಂಟಿ ಹೆಂಗಸು, ನೀವೇ ತಂದ್ಕೊಡ್ರಿ ಅಂದ್ಲು."

ತ್ರ್ಯಂಬಕನ ಕಣ್ಣಲ್ಲಿ ನೀರಾಡಿತು. "ಪಕ್ಕದ ಮನೆಯ ಎತ್ತಿಗಾಗಿ ಭಾನುವಾರ ಇಷ್ಟು ದೂರ ಬಂದ್ರಾ ಸಾರ್? ನಿಮ್ಮನ್ನ ಒಬ್ಬರನ್ನೇ ಕಳಿಸೋದು ಸರಿಯಲ್ಲ, ನಾನೂ ಬರ್ತೇನೆ. ವರದಮ್ಮ, ಎತ್ತಿಗೆ ಚಿಟಿಕೆ ಸಾಲೂದಿಲ್ಲ, ಒಂದು ಹಿಡಿ ಕಟ್ಟಿ."

ಬೇಡವೆಂದು ಧರ್ಮಪ್ಪ ಎಷ್ಟು ಹೇಳಿದರೂ ಅವನು ಅದನ್ನು ಸಂಕೋಚವೆಂದೇ ತಿಳಿದ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತ. ಶಿರಾಳಕೊಪ್ಪದಲ್ಲಿ ಧರ್ಮಪ್ಪ ಚಾ ಕುಡಿಯುವ ನೆಪದಲ್ಲಿ ಇಳಿದು ಹೋಟೆಲಿನ ಒಲೆಯ ಹಿಂದೆ ಅವಿತರು. ಬಸ್ಸು ಅವನನ್ನು ಹೊತ್ತು ಹೋಗಲಿ ಎಂಬ ಹಂಚಿಕೆ. ತ್ರ್ಯಂಬಕ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ನೆಲದ ಮೇಲೆ ಇಟ್ಟು, "ನಮ್ಮ ಮೇಷ್ಟ್ರು ಬರದೆ ಗಾಡಿ ಹೋಗೂದಿಲ್ಲ" ಎಂದು ಕಾಲು ಗಂಟೆ ಬಸ್ಸನ್ನೇ ಹಿಡಿದು ನಿಲ್ಲಿಸಿದ. ಕೊನೆಗೆ ಕಂಡಕ್ಟರು ಬಂದು ಮೇಷ್ಟ್ರನ್ನು ಒಲೆಯ ಹಿಂದಿನಿಂದ ಎತ್ತಿ ತಂದ.

ಶಿಕಾರಿಪುರದಲ್ಲಿ ಗುಡ್ಡಮ್ಮನ ಕೆಂದೆತ್ತು ಕೊಟ್ಟಿಗೆಯ ಮುಂದೆ ನಿಂತು ಹುಲ್ಲನ್ನು ಹೊಸ ಅಳಿಯನಂತೆ ತಿನ್ನುತ್ತಿತ್ತು.

"ನನ್ನ ಎತ್ತಿಗೇನಾಗೈತಿ?" ಎಂದಳು ಗುಡ್ಡಮ್ಮ. "ಕಲ್ಲು ಕೊಟ್ರೂ ಕರಗಿಸ್ಕೊಂತೈತಿ."

ಧರ್ಮಪ್ಪ ಅವಳನ್ನು ಹಿತ್ತಿಲ ಕಡೆ ಎಳೆದರು. "ಗುಡ್ಡಮ್ಮ, ನಿನ್ನೆಯಿಂದ ಅದು ಮೆಲುಕು ಹಾಕೋದು ಕಮ್ಮಿ ಮಾಡೈತಿ. ನಾನು ಕಿಟಕಿಯೊಳಗಿಂದ ನೋಡೀನಿ. ನೀ ಗಮನಿಸಿಲ್ಲ."

ಒಂದು ಮಾತು ಸಾಕಾಯಿತು. ಗುಡ್ಡಮ್ಮನಿಗೆ ಮಕ್ಕಳಿಲ್ಲ, ಇದ್ದದ್ದೆಲ್ಲ ಆ ಎತ್ತು. ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಹೌದಲ್ರೀ, ಕಣ್ಣು ಬಾಡ್ಯಾವು" ಎಂದು ಸೆರಗು ಬಾಯಿಗೆ ಒತ್ತಿದಳು. ಎದುರುಮನೆಯ ಗಾಡಿ ಹುಚ್ಚರಾಯಪ್ಪ ಬಂದವನೇ ಕಿವಿ ಮುಟ್ಟಿ, "ತಣ್ಣಗದಾವು" ಎಂದ. ಮತ್ತೊಬ್ಬರು ಕಿವಿ ಮುಟ್ಟಿ, ಬೆಂಕಿಯ ಹಾಗೆ ಸುಡುತ್ತಿದೆ ಎಂದರು. ಬಾಲ ಇಳಿದಿದೆ ಎಂದೊಬ್ಬರು, ಗೊರಸು ಬಿಳಿಚಿದೆ ಎಂದು ಇನ್ನೊಬ್ಬರು. ಅರ್ಧ ಗಂಟೆಯಲ್ಲಿ ಬೀದಿಯ ಜನರೆಲ್ಲ ಸೇರಿ ಆರೋಗ್ಯವಂತ ಎತ್ತಿಗೆ ಏಳು ಕಾಯಿಲೆ ಹುಡುಕಿದರು. ಎಷ್ಟೋ ವರ್ಷ ಓದಿದ ಡಾಕ್ಟರಿಗೂ ಅಷ್ಟು ಸಿಗುತ್ತಿರಲಿಲ್ಲ.

ತ್ರ್ಯಂಬಕ ಸೊಪ್ಪನ್ನು ಅರೆದು ಬೆಲ್ಲದ ನೀರಿಗೆ ಕಲಸತೊಡಗಿದ. ಧರ್ಮಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆತ್ತಗೆ ಹೇಳಿದರು, "ಅಷ್ಟೂ ಬ್ಯಾಡ ತ್ರ್ಯಂಬಕ. ಒಂದು ಚೂರು ಉಳಿಸು. ಒಂದು ಕಡಲೆಕಾಳಿನಷ್ಟು. ನಾಳೆಗೆ ಬೇಕಾಗಬೌದು."

"ಔಷಧಿ ಅರ್ಧ ಕೊಟ್ರೆ ಕಾಯಿಲೆ ತಿರುಗಿ ಬರ್ತದೆ ಸಾರ್" ಎಂದು ಅವನು ಕಾಗದವನ್ನು ಕೊಡವಿ ಕೊನೆಯ ಎಸಳನ್ನೂ ಉದುರಿಸಿದ. ಹುಚ್ಚರಾಯಪ್ಪ ಎತ್ತಿನ ಮೂಗುದಾಣ ಹಿಡಿದು ತಲೆ ಎತ್ತಿಸಿದ. ಬಿದಿರಿನ ಗೊಟ್ಟವನ್ನು ಬಾಯಿಗಿಟ್ಟು ಅಷ್ಟನ್ನೂ ಗಟಗಟ ಇಳಿಸಿದರು. ಗೊಟ್ಟದ ತುದಿಯಿಂದ ಒಂದು ಹನಿ ತಮ್ಮ ಕೈ ಮೇಲೆ ಬಿದ್ದಾಗ ಧರ್ಮಪ್ಪ ಅದನ್ನು ಒಂದು ಗಳಿಗೆ ನೋಡಿದರು. ಜನ ನೋಡುತ್ತಿದ್ದರು. ಪಂಚೆಗೆ ಒರೆಸಿಕೊಂಡರು.

ಸುಮಾರು ಒಂದು ತಾಸು ಎತ್ತು ಸುಮ್ಮನಿತ್ತು. ಆಮೇಲೆ ಅದಕ್ಕೆ ಹಸಿವು ಹತ್ತಿತು. ಎದುರಿನ ಹುಲ್ಲನ್ನು ಮುಗಿಸಿತು, ಹಗ್ಗ ಕಿತ್ತುಕೊಂಡು ಬಂದು ಲೋಕಮ್ಮನ ಸೌತೆಬಳ್ಳಿಯನ್ನು ಬುಡದ ಸಮೇತ ತಿಂದಿತು, ಒಣಹಾಕಿದ್ದ ಹುಚ್ಚರಾಯಪ್ಪನ ಟವೆಲನ್ನು ಎಲೆಯಡಿಕೆಯ ಹಾಗೆ ಸಾವಕಾಶವಾಗಿ ಅಗಿಯಿತು. "ಹಸಿವು ಬಂತು, ಗುಣ ಕಾಣ್ತಾ ಇದೆ" ಎಂದು ತ್ರ್ಯಂಬಕ ಹಿಗ್ಗಿದ. ಎತ್ತು ಮೇಷ್ಟ್ರ ಮನೆಯ ಗೋಡೆಯನ್ನು ಹತ್ತು ನಿಮಿಷ ದಿಟ್ಟಿಸಿ, ಏನೋ ರಾಜಿಯಾದಂತೆ ತಲೆದೂಗಿ, ಅವರ ಬಾಗಿಲಿಗೆ ಅಡ್ಡಲಾಗಿ ಮಲಗಿ ಗೊರಕೆ ಹೊಡೆಯತೊಡಗಿತು.

ಅದೆಂಥ ನಿದ್ದೆ. ತುಟಿ ಜೋತು, ಕಿವಿ ಸಡಿಲಾಗಿ, ಮುಖದ ಮೇಲೆ ಸಾಲವೂ ಇಲ್ಲದ ಸಂಸಾರವೂ ಇಲ್ಲದ ನೆಮ್ಮದಿ. ಧರ್ಮಪ್ಪ ನೋಡುತ್ತ ನಿಂತರು. ಅದು ತಮ್ಮ ನಿದ್ದೆ. ಬಸ್ಸು ಹತ್ತಿ ಹೋಗಿ ತಂದ ನಿದ್ದೆ.

ಗುಡ್ಡಮ್ಮ ಮಾತ್ರ ಎದೆ ಬಡಿದುಕೊಂಡಳು. "ಮೇಷ್ಟ್ರೇ, ನಿಂತಿದ್ದ ಎತ್ತನ್ನ ಮಲಗಿಸಿದ್ರಿ. ಅದು ಏಳೋತಂಕ ನೀವು ಈ ಜಾಗ ಬಿಟ್ಟು ಕದಲಂಗಿಲ್ಲ." ಅದರ ತಲೆಯನ್ನು ಎತ್ತಿ ಮೇಷ್ಟ್ರ ತೊಡೆಯ ಮೇಲಿಟ್ಟು, ಬೀಸಣಿಗೆ ಕೈಗೆ ಕೊಟ್ಟಳು. ಮಧ್ಯಾಹ್ನ ಕಳೆಯಿತು. ಕಾಲು ಜೋಮು ಹಿಡಿಯಿತು. ಧರ್ಮಪ್ಪ ಗಾಳಿ ಹಾಕುತ್ತಲೇ ಇದ್ದರು.

ಸೂರ್ಯ ಇಳಿಯುವ ಹೊತ್ತಿಗೆ ಶಿವಮೊಗ್ಗದ ಬಸ್ಸಿನಿಂದ ಇಳಿದ ಇನ್ಸ್‌ಪೆಕ್ಟರು ಆ ಬೀದಿಯಲ್ಲೇ ಪ್ರವಾಸಿ ಬಂಗಲೆಯ ಕಡೆ ನಡೆದು ಬಂದರು. ಗುಂಪು ಕಂಡು ನಿಂತರು. ಎತ್ತಿನ ತಲೆ ತೊಡೆಯ ಮೇಲಿಟ್ಟುಕೊಂಡವರು ಯಾರೆಂದು ಕೇಳಿದರು. ತ್ರ್ಯಂಬಕ ಬೆಳಗಿನಿಂದ ನಡೆದದ್ದನ್ನೆಲ್ಲ, ಬಸ್ಸಿನ ಟಿಕೆಟ್ಟಿನ ಸಮೇತ, ಗದ್ಗದಿತನಾಗಿ ಹೇಳಿದ.

"ಧರ್ಮಪ್ಪ ಅಂದ್ರೆ ಇವರೇನು? ಪಾಠದ ಹೊತ್ತಿನಲ್ಲಿ ನಿದ್ದೆ ಮಾಡ್ತಾರೆ ಅಂತ ಇವರ ಮೇಲೆ ಅರ್ಜಿ ಬಂದಿದೆಯಲ್ಲ."

"ನಿದ್ದೆನಾ ಸಾಹೇಬ್ರೆ?" ಎಂದ ಹುಚ್ಚರಾಯಪ್ಪ. "ಮಧ್ಯಾಹ್ನದಿಂದ ರೆಪ್ಪೆ ಬಡಿದಿಲ್ಲ. ಅದೂ ಮಂದಿ ಎತ್ತಿಗೆ."

ಇನ್ಸ್‌ಪೆಕ್ಟರು ಕೋಟಿನ ಜೇಬಿನಿಂದ ಅರ್ಜಿ ತೆಗೆದು, ಎಲ್ಲರೆದುರು ನಾಲ್ಕು ತುಂಡು ಮಾಡಿ ಹಾಕಿದರು. ಧರ್ಮಪ್ಪನಿಗೆ ಮೂರು ತಿಂಗಳ ಭಾರ ಒಮ್ಮೆಲೇ ಇಳಿದಂತಾಯಿತು. ಬಾಗಿಲಲ್ಲಿ ನಿಂತಿದ್ದ ಲೋಕಮ್ಮ ಕಣ್ಣೊರೆಸಿಕೊಂಡಳು.

"ಇಂಥ ಮೇಷ್ಟ್ರನ್ನೇ ನಾನು ಆರು ತಿಂಗಳಿಂದ ಹುಡುಕ್ತಾ ಇದ್ದೆ" ಎಂದರು ಇನ್ಸ್‌ಪೆಕ್ಟರು. "ದನಕರುಗಳ ಮೇಲೆ ಜೀವ ಇಟ್ಟವರು ಬೇಕು. ಶಾಲೆಗೆ ಸರ್ಕಾರ ಎರಡು ಜೋಡಿ ಎತ್ತು ಕೊಟ್ಟಿದೆ, ನೋಡೋರೇ ಇಲ್ಲ. ಕುಂಬ್ರಿಗುಡ್ಡದಲ್ಲಿ."

ಅಲ್ಲೇ ಜಗಲಿಯ ಮೇಲೆ ಕೂತು, ಧರ್ಮಪ್ಪ ಮೇಷ್ಟ್ರ ಪ್ರಾಣಿದಯೆಯನ್ನು ಮೆಚ್ಚಿ ಅವರನ್ನು ಕುಂಬ್ರಿಗುಡ್ಡದ ಶಾಲೆಗೆ ನೇಮಿಸಲಾಗಿದೆ ಎಂದು ಬರೆದರು. ಬೀದಿಯ ಜನ ಚಪ್ಪಾಳೆ ತಟ್ಟಿದರು. ಒಳಗೆ ಲೋಕಮ್ಮ ಟ್ರಂಕು ಎಳೆಯುವ ಸದ್ದು ಕೇಳಿಸಿತು.

ಧರ್ಮಪ್ಪ ಎತ್ತಿನ ತಲೆಯನ್ನು ನೆಲಕ್ಕಿಳಿಸಿ ಎದ್ದು ನಿಂತರು. ಮಾನ ಹೋಗಲಿ, ಸಂಘ ಹೋಗಲಿ, ಕುಂಬ್ರಿಗುಡ್ಡ ಒಂದು ತಪ್ಪಲಿ ಎಂದು ಗಟ್ಟಿಮನಸ್ಸು ಮಾಡಿ, ಇಡೀ ಬೀದಿಗೆ ಕೇಳುವಂತೆ ಹೇಳಿದರು.

"ಸಾರ್, ನನಗೆ ದನದ ಬಗ್ಗೆ ಏನೂ ಗೊತ್ತಿಲ್ಲ. ಈ ಎತ್ತಿಗೆ ಏನೂ ಆಗಿರಲಿಲ್ಲ. ರಾತ್ರಿ ನಿದ್ದೆ ಬರ್ದೆ ಕ್ಲಾಸಲ್ಲಿ ತೂಕಡಿಸೋದು ನಿಜ. ಭಂಗಿ ಸೊಪ್ಪು ತಂದಿದ್ದು ನಾನು ಕುಡಿಯೋಕೆ."

ಗುಡ್ಡಮ್ಮ ಮೇಷ್ಟ್ರ ಕೈಯಿಂದ ಬೀಸಣಿಗೆ ಕಿತ್ತುಕೊಂಡಳು. ತ್ರ್ಯಂಬಕ ತಲೆ ತಗ್ಗಿಸಿದ.

ಇನ್ಸ್‌ಪೆಕ್ಟರು ಮಡಿಚಿದ್ದ ಕಾಗದವನ್ನು ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು, "ಪ್ರಾಣಿದಯೆಯನ್ನು ಮೆಚ್ಚಿ" ಎಂಬಷ್ಟನ್ನು ಉದ್ದಕ್ಕೆ ಹೊಡೆದರು. ಅದರ ಮೇಲೆ "ಭಂಗಿ ಸೊಪ್ಪು ತಂದ ಅಪರಾಧಕ್ಕಾಗಿ" ಎಂದು ಬರೆದರು. ಊರಿನ ಹೆಸರನ್ನು ಮುಟ್ಟಲಿಲ್ಲ.