ಬಾಳೆಹೊನ್ನೂರು ಬಸ್ಸಿನ ಮುಹೂರ್ತ

ಲಕ್ಷ್ಮೀಶನಿಗೆ ಮದುವೆ ಗೊತ್ತಾದ ಸುದ್ದಿ ಕೊಪ್ಪದಲ್ಲಿ ಎಲ್ಲರಿಗೂ ತಿಳಿದು, ಕಟ್ಟಕಡೆಗೆ ತಿಳಿದದ್ದು ಲಕ್ಷ್ಮೀಶನಿಗೆ. ಅದೂ ಬಾಯಲ್ಲಿ ಬ್ರಷ್ ಇದ್ದಾಗ. ಕೆಳಗಿನ ಮನೆಯ ಸುಲೋಚನಮ್ಮ, ಅಂದರೆ ಅವನು ಬಾಡಿಗೆಗಿದ್ದ ಮಾಳಿಗೆ ಕೋಣೆಯ ಒಡತಿ, ಮೆಟ್ಟಿಲು ಹತ್ತಿ ಬಂದು ಬಾಗಿಲಿಗೆ ಅಡ್ಡ ನಿಂತಿದ್ದರು. ಮಂಡಿ ನೋವಿನ ಹೆಂಗಸು, ಆರು ವರ್ಷದಲ್ಲಿ ಒಮ್ಮೆಯೂ ಆ ಮೆಟ್ಟಿಲು ಹತ್ತಿದವರಲ್ಲ.

"ಅಲ್ಲ ಲಕ್ಷ್ಮೀಶ, ಹದಿನಾಲ್ಕು ಮೆಟ್ಲು ಇಳ್ದು ಬಂದು ಹಿಂಗೆ ಅಂತ ಒಂದು ಮಾತು ಹೇಳಕ್ಕೆ ನಿಂಗೆ ಎಂತ ಆಗಿತ್ತು? ಮನೆಯೋರು ನಾವು ಮೊಬೈಲಲ್ಲಿ ನೋಡಿ ತಿಳ್ಕಬೇಕಾ?" ಎಂದರು.

ಅವನಿಗೆ ಅರ್ಥವಾಗಲಿಲ್ಲ. ಅವರು ಸೆರಗಿನ ಮರೆಯಿಂದ ಫೋನು ತೆಗೆದು ತೋರಿಸಿದರು. ನೋಡಿದವನಿಗೆ ಪೇಸ್ಟಿನ ನೊರೆ ಗಂಟಲಿಗೇ ಇಳಿಯಿತು.

ಲಕ್ಷ್ಮೀಶ ಮೂವತ್ತನಾಲ್ಕರ ಗಂಡು. ಚಿತ್ರ ಬರೆಯುವುದು, ಬರೆದದ್ದನ್ನು ಕಂಪ್ಯೂಟರಿನಲ್ಲಿ ಓಡಾಡಿಸುವುದು ಅವನ ಕಸುಬು. ಮೋಷನ್ ಗ್ರಾಫಿಕ್ಸ್ ಎಂದು ಅದಕ್ಕೆ ದೊಡ್ಡ ಹೆಸರಿದೆ. ಊರಿನವರ ಬಾಯಲ್ಲಿ ಮಾತ್ರ ಅವನು 'ಮೊಬೈಲಲ್ಲಿ ಮದುವೆ ಕಾಗದ ಮಾಡೋ ಲಕ್ಷ್ಮೀಶ'. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲೂಕಿನಲ್ಲಿ ಯಾರ ಮನೆಯ ಮದುವೆಯಾದರೂ ವಾಟ್ಸಾಪಿಗೆ ಹೋಗುವ ಕರೆಯೋಲೆ ಅವನ ಕೈಯದು. ಗಣಪತಿ ಕಿವಿ ಬೀಸಬೇಕು, ಹೂವು ಉದುರಬೇಕು, ಗಂಡು ಹೆಣ್ಣಿನ ಹೆಸರು ಚಿನ್ನದ ಬಣ್ಣದಲ್ಲಿ ಮಿಂಚಬೇಕು. ಹೀಗೆ ನೂರ ಹನ್ನೆರಡು ಜೋಡಿಗಳ ಮುಹೂರ್ತ ಅವನಿಗೆ ಬಾಯಿಪಾಠವಾಗಿತ್ತು. ಆದರೆ ಒಂದು ಮದುವೆಯ ಊಟವನ್ನೂ ಅವನು ಉಂಡಿರಲಿಲ್ಲ. ನಮ್ಮ ಕಡೆ ಕರೆಯುವುದೆಂದರೆ ಮನೆಗೆ ಬಂದು, ಕೂತು, ಕಾಫಿ ಕುಡಿದು, ಅಕ್ಷತೆ ಕೊಟ್ಟು ಕರೆಯುವುದು. ಮೊಬೈಲಿನದು ಬರೀ ನೆನಪಿಗೆ. ವಿಡಿಯೊ ಮಾಡಿದವನಿಗೆ ದಿನ ಗೊತ್ತೇ ಇದೆಯಲ್ಲ, ಮತ್ತೆ ಕರೆಯುವುದೆಂತಕ್ಕೆ ಎಂದು ಎಲ್ಲರೂ ಬಿಟ್ಟರು. ಕರೆಯದೆ ಹೋಗಿ ಎಲೆಯ ಮುಂದೆ ಕೂರುವಷ್ಟು ಗಟ್ಟಿ ಮುಖ ಅವನಿಗಿರಲಿಲ್ಲ. ಲಗ್ನದ ದಿನಗಳಲ್ಲಿ ಊರಿಗೆ ಊರೇ ಬೀಗ ಹಾಕಿಕೊಂಡು ಹೋದರೆ, ಅವನು ಕೋಣೆಯಲ್ಲಿ ಕೂತು ಬೆಳಗಿನ ಚಿತ್ರಾನ್ನವನ್ನೇ ಮಧ್ಯಾಹ್ನವೂ ತಿನ್ನುತ್ತಿದ್ದ.

ಹೀಗಿರುವಾಗ ಹೈದರಾಬಾದಿನ ಒಂದು ಸ್ಟುಡಿಯೊ ಕೆಲಸಕ್ಕೆ ಜನ ಬೇಕೆಂದಿತು. ಮಕ್ಕಳ ಕತೆಗಳಿಗೆ ಚಿತ್ರ ಮಾಡುವುದು, ಮನೆಯಿಂದಲೇ ಕೆಲಸ, ದಿನವೂ ಬೆಳಿಗ್ಗೆ ಹತ್ತು ಜನ ಪರದೆಯ ಮೇಲೆ ಸೇರಿ ಮಾತಾಡಿಕೊಳ್ಳುವುದು. ಸಂಬಳಕ್ಕಿಂತ ಈ ಹತ್ತು ಜನ ಲಕ್ಷ್ಮೀಶನಿಗೆ ಆಸೆ ಹುಟ್ಟಿಸಿದರು. ಅದಕ್ಕೊಂದು ಪರೀಕ್ಷೆಯೂ ಇತ್ತು. ಎಂದೂ ನಡೆಯದ ಒಂದು ಸಮಾರಂಭಕ್ಕೆ ಐವತ್ತು ಸೆಕೆಂಡಿನ ಕರೆಯೋಲೆ ಮಾಡಬೇಕು. ಎಲ್ಲ ಕಲ್ಪನೆಯೇ ಆಗಿರಬೇಕು. ಅದನ್ನು ಯೂಟ್ಯೂಬಿಗೆ ಹಾಕಿ, ಫಲಿತಾಂಶ ಬರುವವರೆಗೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿರಬೇಕು. ಬೇರೆಯವರು ಚಂದ್ರನ ನಾಮಕರಣ, ಹುಲಿಯ ಗೃಹಪ್ರವೇಶ ಎಂದೆಲ್ಲ ಮಾಡಿರಬಹುದು. ಲಕ್ಷ್ಮೀಶ ಮೂರು ದಿನ ತಲೆ ಕೆಡಿಸಿಕೊಂಡ. ಎಂದೂ ನಡೆಯದ ಸಮಾರಂಭ ಯಾವುದು ಎಂದು ಯೋಚಿಸಿ ಯೋಚಿಸಿ ಕೊನೆಗೆ ತನ್ನ ಮದುವೆಯನ್ನು ಆರಿಸಿಕೊಂಡ.

ಹೇಳಬೇಕಾದ್ದನ್ನು ಹೇಳಬೇಕು, ಬಹಳ ಚೆಂದ ಮಾಡಿದ್ದ. ಶೃಂಗೇರಿಯ ಹೊಳೆಯಿಂದ ಮೀನುಗಳು ಲಗ್ನದ ಕಾಗದ ಕಚ್ಚಿಕೊಂಡು ಹೊರಡುತ್ತವೆ. ನೀರು ಮುಗಿದಲ್ಲಿ ನಿಲ್ಲದೆ ಗಾಳಿಯಲ್ಲೇ ಈಜಿಕೊಂಡು ಮನೆಮನೆಗೆ ಹೋಗುತ್ತವೆ. ಆ ಮೀನಿನ ಬಾಲ ತಿರುಗುವ ರೀತಿಗೇ ಅವನು ಒಂಬತ್ತು ದಿನ ಕಳೆದಿದ್ದ. ಕಡೆಯಲ್ಲಿ ಬಸ್ಸೊಂದು ಬಂದು ನಿಲ್ಲುತ್ತದೆ. ಹುಡುಗಿಯೊಬ್ಬಳು ಇಳಿದು, ನಮಗೆ ಬೆನ್ನು ಮಾಡಿ ಕೊಡೆ ಬಿಚ್ಚುತ್ತಾಳೆ. ಸ್ಥಳ ಕೊಪ್ಪ ಬಸ್ ನಿಲ್ದಾಣ, ದಿನ ಮೇ ಹತ್ತು ಭಾನುವಾರ, ಮುಹೂರ್ತ ಬಾಳೆಹೊನ್ನೂರು ಬಸ್ಸು ಬಂದಾಗ. ಹುಡುಗಿಗೆ ಮುಖ ಬರೆಯಲು ಅವನಿಗೆ ಆಗಿರಲಿಲ್ಲ. ಹನ್ನೊಂದು ಸಲ ಬರೆದ, ಹನ್ನೊಂದು ಸಲವೂ ಅದು ಯಾರೋ ಒಬ್ಬ ಗಿರಾಕಿಯ ಹೆಂಡತಿಯಂತೆಯೇ ಆಯಿತು.

ನಿನ್ನೆ ಸಂಜೆ ಅದನ್ನು ಕಳಿಸಿ ಆಗಿತ್ತು. ಇವತ್ತು ಸಂಜೆ ಐದಕ್ಕೆ ಫಲಿತಾಂಶ. ಅಷ್ಟರೊಳಗೆ ಸುಲೋಚನಮ್ಮನ ಮಗಳು ಅರ್ಪಿತಾ ಅದನ್ನು ನೋಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಅವನ ಚಾನೆಲ್ಲಿಗೆ ಇದ್ದ ನಲವತ್ತೊಂದು ಮಂದಿ ಚಂದಾದಾರರಲ್ಲಿ ತಪ್ಪದೆ ನೋಡುತ್ತಿದ್ದವಳು ಅವಳೊಬ್ಬಳೇ.

"ಸುಲೋಚನಮ್ಮೋರೆ, ಅದು ಸುಳ್ಳು ಮದುವೆ. ಕೆಲ್ಸಕ್ಕೆ ಅಂತ ಮಾಡಿದ್ದು," ಎಂದ ಲಕ್ಷ್ಮೀಶ.

"ಕೆಲ್ಸಕ್ಕೆ ಅಂತ ಯಾರಾದ್ರೂ ಮದುವೆ ಆಗ್ತಾರನಾ? ನಾಚ್ಕಬ್ಯಾಡ. ಯಾವ ಜಾತಿಯೋಳಾದ್ರೂ ನಾವೆಂತ ಹೇಳಲ್ಲ," ಎಂದು ಸುಲೋಚನಮ್ಮ ಸಮಾಧಾನ ಮಾಡಿ, ಕೆಳಗೆ ಹೋಗಿ ಒಂದು ತಟ್ಟೆ ಕಡುಬು ಕಳಿಸಿದರು.

ವಿಡಿಯೊ ತೆಗೆಯುವ ಹಾಗಿರಲಿಲ್ಲ, ತೆಗೆದರೆ ಪರೀಕ್ಷೆಯಿಂದಲೇ ಹೊರಗೆ. ಅದಕ್ಕೆ ಅವನು ಅದರ ಕೆಳಗೆ ಎಲ್ಲಕ್ಕಿಂತ ಮೇಲೆ ಕಾಣುವಂತೆ, 'ಇದು ಬರೀ ಕಲ್ಪನೆ, ಯಾವ ಮದುವೆಯೂ ಇಲ್ಲ' ಎಂದು ಕಮೆಂಟು ಬರೆದು ಉಸಿರು ಬಿಟ್ಟ. ಬರೆದದ್ದನ್ನು ಓದುವ ಊರಾಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಒಂಬತ್ತಕ್ಕೆ ಶಾಮಿಯಾನದ ಪರಮೇಶ್ವರಪ್ಪ ಬಂದ. ಕೊಪ್ಪದಲ್ಲಿ ಯಾವ ಚಪ್ಪರವಾದರೂ ಅವನದೇ, ಯಾವ ಕುರ್ಚಿ ಮುರಿದರೂ ಅವನದೇ. ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು, ಅದರ ಕಾಲು ಅಲ್ಲಾಡಿಸಿ ನೋಡಿ, ಆಮೇಲೆ ವಿಷಯಕ್ಕೆ ಬಂದ.

"ಬಾಳೆಹೊನ್ನೂರು ಬಸ್ಸು ಅಂತ ಹಾಕಿದಿಯಲ್ಲ ಮಾರಾಯ, ಹತ್ತೂವರೆದಾ, ಹನ್ನೆರಡೂಕಾಲಿಂದಾ? ಹತ್ತೂವರೆದಾದ್ರೆ ತಿಂಡಿಗೆ ವ್ಯವಸ್ಥೆ ಬೇಕು. ಹನ್ನೆರಡೂಕಾಲಿಂದು ಭಾನುವಾರ ಬರೋದೇ ಗ್ಯಾರಂಟಿ ಇಲ್ಲ. ಮುಹೂರ್ತ ತಪ್ಪಿ ಹೋಗುತ್ತೆ ನೋಡು."

ಬಸ್ಸು ಬಂದಾಗ ಮುಹೂರ್ತ ಎಂದರೆ ಅದು ತಮಾಷೆ ಎಂದು ಲಕ್ಷ್ಮೀಶ ಬಿಡಿಸಿ ಹೇಳಿದ. ಪರಮೇಶ್ವರಪ್ಪ ತಲೆದೂಗಿ, ಈಗಿನವರದ್ದು ಎಲ್ಲ ಹೊಸ ಹೊಸ ಪದ್ಧತಿ, ಮೊನ್ನೆ ಯಾರೋ ಜೆಸಿಬಿ ಮೇಲೆ ದಿಬ್ಬಣ ತಂದಿದ್ದರು, ಬಸ್ ನಿಲ್ದಾಣವಾದರೆ ತಪ್ಪೇನಿಲ್ಲ ಎಂದ. ನಿಲ್ದಾಣದಲ್ಲಿ ಕಂಬ ಹುಗಿಯಲು ಬಿಡುತ್ತಾರೋ ಇಲ್ಲವೋ ಎಂಬುದೊಂದೇ ಅವನ ಚಿಂತೆ. ಅದನ್ನು ತಾನೇ ವಿಚಾರಿಸುತ್ತೇನೆ ಎಂದು ಹೊರಟೇ ಹೋದ.

ಹನ್ನೊಂದರ ಒಳಗೆ ಒಂಬತ್ತು ಜನ ಬಂದರು. ಎಲ್ಲರಿಗೂ ಒಂದೇ ಬೇಜಾರು, ಮನೆಗೆ ಬಂದು ಕರೆಯಲಿಲ್ಲ ಎಂದು. ಎಲ್ಲರಿಗೂ ಒಂದೇ ಪ್ರಶ್ನೆ, ಹುಡುಗಿ ಯಾರು ಎಂದು. ಮುಖವಿಲ್ಲದ ಹುಡುಗಿಯ ಜಡೆ ನೋಡಿ ಒಬ್ಬರು ಕಮ್ಮರಡಿಯ ನರ್ಸ್ ಎಂದರು, ಕೊಡೆ ಹಿಡಿದ ರೀತಿ ನೋಡಿ ಇನ್ನೊಬ್ಬರು ಜಯಪುರದ ಟೀಚರ್ ಎಂದರು, ಬೆನ್ನು ಮಾಡಿ ನಿಂತಿದ್ದಕ್ಕೆ ಸುಲೋಚನಮ್ಮ ಮಾತ್ರ ಸ್ವಲ್ಪ ಸೊಕ್ಕಿನ ಹುಡುಗಿ ಎಂದರು. ಗಾಳಿಯಲ್ಲಿ ಈಜುವ ಮೀನಿನ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ. ಲಕ್ಷ್ಮೀಶನಿಗೆ ಆ ಒಂಬತ್ತು ದಿನ ನೆನೆದು ಹೊಟ್ಟೆ ಉರಿಯಿತು. ಆದರೂ ಕೋಣೆಯ ಬಾಗಿಲಲ್ಲಿ ಇಷ್ಟು ಚಪ್ಪಲಿ ಒಟ್ಟಿಗೆ ಬಿಟ್ಟಿದ್ದನ್ನು ಅವನು ಮೊದಲ ಸಲ ನೋಡುತ್ತಿದ್ದ. ಅಲ್ಲ, ಅಲ್ಲ ಎನ್ನುತ್ತಲೇ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿದ. ಲೋಟ ಎರಡೇ ಇದ್ದುದರಿಂದ ಸರದಿಯಲ್ಲಿ ಕುಡಿದರು.

ಹನ್ನೆರಡರ ಹೊತ್ತಿಗೆ ಫೋನು ಬಂತು. ಸೀತೂರಿನಿಂದ ಚಿಕ್ಕಕ್ಕ.

ಚಿಕ್ಕಕ್ಕ ಅವನ ಇಬ್ಬರು ಅಕ್ಕಂದಿರಲ್ಲಿ ಕಿರಿಯವಳು. ದೊಡ್ಡವಳು ತೀರಿಹೋಗಿ, ಅಪ್ಪ ಅಮ್ಮನೂ ಹೋಗಿ, ಅವನಿಗೆ ಉಳಿದವಳು ಅವಳೊಬ್ಬಳು. ಎರಡು ವರ್ಷದ ಹಿಂದೆ ಅವಳು ಒಂದು ಹೆಣ್ಣು ನೋಡುವ ಶಾಸ್ತ್ರ ಇಟ್ಟುಕೊಂಡಿದ್ದಳು. ಇವನು ಯಾರದೋ ಮದುವೆಯ ವಿಡಿಯೊ ಮುಗಿಸುತ್ತ ಕೂತು ಹೋಗಲೇ ಇಲ್ಲ. ಹೆಣ್ಣಿನ ಕಡೆಯವರೆದುರು ಅವಳ ಮಾನ ಹೋಯಿತು. ಅವತ್ತಿನಿಂದ ಅವಳು ಇವನ ಜೊತೆ ಮಾತು ಬಿಟ್ಟಿದ್ದಳು. ಇವನು ಮಾಡಿದ ಫೋನೂ ಎತ್ತುತ್ತಿರಲಿಲ್ಲ.

"ಹಲೋ" ಎಂದಳು. ಮೂಗು ಒರೆಸಿಕೊಳ್ಳುವ ಸದ್ದು ಕೇಳುತ್ತಿತ್ತು.

"ಯಾರಾದ್ರೂ ಆಗ್ಲಿ ತಮ್ಮ," ಎಂದಳು ಕೊನೆಗೆ. "ಹೆಸ್ರು ಕೇಳಲ್ಲ, ಊರು ಕೇಳಲ್ಲ. ನಿಂಗೆ ಅಂತ ಒಂದು ಜೀವ ಆಯ್ತಲ್ಲ. ನಂಗೆ ದಿನಾ ಕತ್ತಲಾದ ಕೂಡ್ಲೆ ನಿಂದೇ ಯೋಚ್ನೆ ಆಗ್ತಿತ್ತು."

ಲಕ್ಷ್ಮೀಶನ ಬಾಯಿಯ ತುದಿಯಲ್ಲೇ ನಿಜ ಬಂದು ನಿಂತಿತ್ತು. ಹೇಳಿದರೆ ಅವಳು ಫೋನು ಇಟ್ಟುಬಿಡುತ್ತಾಳೆ, ಮತ್ತೆ ಎರಡು ವರ್ಷ. ಅವನು ಹೂಂ ಎಂದ. ಅವಳು ಸಂಜೆಯ ಬಸ್ಸಿಗೆ ಬರುತ್ತೇನೆ ಎಂದಳು, ಅದಕ್ಕೂ ಹೂಂ ಎಂದ. ನಾಳೆ ಹೇಳಿದರಾಯಿತು, ಒಂದು ದಿನಕ್ಕೆ ಭೂಮಿ ಮುಳುಗುವುದಿಲ್ಲ ಎಂದುಕೊಂಡ.

ಫೋನಿಟ್ಟ ಮೇಲೆ ನೆನಪಾಯಿತು, ಚಿಕ್ಕಕ್ಕ ಓದು ಬಲ್ಲವಳು. ವಿಡಿಯೊ ಮತ್ತೆ ನೋಡಿದರೆ ಬೆಳಗಿನ ಕಮೆಂಟು ಅವಳ ಕಣ್ಣಿಗೆ ಬೀಳುತ್ತದೆ. ಅವನು ಅದನ್ನು ಅಳಿಸಿಹಾಕಿದ. ಅಳಿಸಿದ ಮರುಗಳಿಗೆಗೇ ಅವಳು ಅಲ್ಲಿ 'ದೇವರು ಒಳ್ಳೇದು ಮಾಡಲಿ' ಎಂದು ಬರೆದಳು. ಅದರ ಕೆಳಗೆ ಇವನು 'ಎಂಟು ದಿನ ಮೊದಲೇ ಬರಬೇಕು ಚಿಕ್ಕಕ್ಕ, ಆರತಿ ನಿನ್ನದೇ' ಎಂದು ಬರೆದ. ಬರೆದ ಮೇಲೆ ಕೈ ನಿಲ್ಲಲಿಲ್ಲ. ಶುಭಾಶಯ ಹೇಳಿದ್ದ ಇನ್ನೂರು ಚಿಲ್ಲರೆ ಜನರಿಗೆ ಒಬ್ಬೊಬ್ಬರಿಗೂ ಹೆಸರು ಹಿಡಿದು, ಧನ್ಯವಾದ, ಮನೆಯವರನ್ನೆಲ್ಲ ಕರೆದುಕೊಂಡು ಬನ್ನಿ, ಎಂದು ಬರೆಯುತ್ತ ಹೋದ. ಸಾಲ ಮಾಡಿ ತುಪ್ಪ ತಿನ್ನುವವನಿಗೂ ರುಚಿ ರುಚಿಯೇ.

ಆ ಮಧ್ಯಾಹ್ನ ಲಕ್ಷ್ಮೀಶ ಸುಖವಾಗಿದ್ದ. ಸುಲೋಚನಮ್ಮ ಕೆಳಗೆ ಕರೆದು ಪಂಕ್ತಿಯಲ್ಲಿ ಕೂರಿಸಿ ಬಡಿಸಿದರು, ಎರಡನೇ ಸಲವೂ ಬಡಿಸಿದರು. ಪರಮೇಶ್ವರಪ್ಪ ಹಿಂತಿರುಗಿ ಬಂದು, ನಿಲ್ದಾಣದಲ್ಲಿ ಕಂಬ ಹುಗಿಯಲು ಬಿಡುವುದಿಲ್ಲವಂತೆ, ಹಗ್ಗದಲ್ಲಿ ಎಳೆದು ಕಟ್ಟೋಣ ಎಂದಾಗ, ಲಕ್ಷ್ಮೀಶ ಹನ್ನೆರಡೂಕಾಲಿನ ಬಸ್ಸೇ ಇರಲಿ ಎಂದುಬಿಟ್ಟ. ಸೀರೆ ಯಾವ ಬಣ್ಣ ಎಂದು ಅರ್ಪಿತಾ ಕೇಳಿದಳು. ಸ್ವಲ್ಪ ಯೋಚಿಸಿ ನೇರಳೆ ಎಂದ. ಹೇಳಿದ ಮೇಲೆ ಆ ಹುಡುಗಿಗೆ ನೇರಳೆಯೇ ಒಪ್ಪುತ್ತದೆ ಎಂದು ಅವನಿಗೂ ಅನಿಸಿತು.

ಐದಕ್ಕೆ ಸರಿಯಾಗಿ ಇಮೇಲ್ ಬಂತು. ಕೈ ಒರೆಸಿಕೊಂಡು ತೆರೆದ. ಮುನ್ನೂರ ಹನ್ನೊಂದು ವಿಡಿಯೊಗಳಲ್ಲಿ ನಿಮ್ಮದಕ್ಕೆ ನಾವೆಲ್ಲ ಒಕ್ಕೊರಲಿನಿಂದ ಮೊದಲ ಸ್ಥಾನ ಕೊಟ್ಟಿದ್ದೆವು ಎಂದು ಬರೆದಿದ್ದರು. ಗಾಳಿಯಲ್ಲಿ ಈಜುವ ಮೀನಿನ ಬಾಲದ ತಿರುವನ್ನು ನಮ್ಮಲ್ಲಿ ಎಲ್ಲರೂ ಮತ್ತೆ ಮತ್ತೆ ನೋಡಿದೆವು ಎಂದಿದ್ದರು. ಲಕ್ಷ್ಮೀಶನ ಕಣ್ಣು ಮಂಜಾಯಿತು. ಒಂಬತ್ತು ದಿನದ ಕೆಲಸವನ್ನು ಜಗತ್ತಿನಲ್ಲಿ ಯಾರೋ ಒಬ್ಬರು ಕಂಡಿದ್ದರು.

ಮುಂದೆ ಬರೆದಿದ್ದರು: ಆದರೆ ನಾವು ಕೇಳಿದ್ದು ಕಲ್ಪನೆಯ ಸಮಾರಂಭ. ನಮ್ಮಲ್ಲಿ ಕನ್ನಡ ಬಲ್ಲವರೊಬ್ಬರಿದ್ದಾರೆ, ಅವರು ಇವತ್ತು ಕಮೆಂಟುಗಳನ್ನು ಓದಿದರು. ಇದು ನಿಮ್ಮ ನಿಜವಾದ ಮದುವೆಯ ಕರೆಯೋಲೆ ಎಂದು, ನೀವೇ ಇನ್ನೂರು ಜನರನ್ನು ಹೆಸರು ಹಿಡಿದು ಕರೆದದ್ದರಿಂದ ಖಚಿತವಾಯಿತು. ನಿಯಮದ ಪ್ರಕಾರ ಇದನ್ನು ಪರಿಗಣಿಸಲು ಬರುವುದಿಲ್ಲ. ಕೆಲಸವನ್ನು ಎರಡನೆಯವರಿಗೆ ಕೊಟ್ಟಿದ್ದೇವೆ. ನಿಮಗೂ ವಧುವಿಗೂ ನಮ್ಮೆಲ್ಲರ ಹಾರ್ದಿಕ ಶುಭಾಶಯಗಳು.

ಅವನು ಅವಸರದಲ್ಲಿ ಉತ್ತರ ಬರೆದ. ಹುಡುಗಿ ಇಲ್ಲ, ಮದುವೆ ಇಲ್ಲ, ಅಕ್ಕನಿಗೆ ಬೇಜಾರಾಗಬಾರದೆಂದು ಹಾಗೆ ಬರೆದೆ ಎಂದ. ಎರಡೇ ನಿಮಿಷಕ್ಕೆ ಮರುತ್ತರ ಬಂತು. ಕೆಲಸಕ್ಕಾಗಿ ಆ ಹುಡುಗಿಯನ್ನು ಇಲ್ಲವೆನ್ನುವುದು ಬೇಡ, ನಮಗೆ ನೋವಾಯಿತು ಎಂದಿದ್ದರು.

ಚಿಕ್ಕಕ್ಕ ಬಂದಾಗ ಅವನು ಹಾಗೇ ಕೂತಿದ್ದ. ಅವಳ ಹಿಂದೆಯೇ ಮಂಡಿ ಹಿಡಿದುಕೊಂಡು ಸುಲೋಚನಮ್ಮ ಹತ್ತಿ ಬಂದರು. ಚಿಕ್ಕಕ್ಕ ಚೀಲದಿಂದ ಅಮ್ಮನ ಹಸಿರು ಸೀರೆ ತೆಗೆದು, ಹುಡುಗಿಗೆ ಅಂತ ಇಟ್ಟಿದ್ದೆ ಎಂದು ಅವನ ತೊಡೆಯ ಮೇಲಿಟ್ಟಳು. ಇನ್ನು ಅವನಿಂದ ತಡೆಯಲಾಗಲಿಲ್ಲ.

"ಚಿಕ್ಕಕ್ಕ, ಯಾರೂ ಇಲ್ಲ. ಯಾವ ಹುಡುಗೀನೂ ಇಲ್ಲ," ಎಂದ.

ಇಬ್ಬರು ಹೆಂಗಸರೂ ಅವನ ಮುಖ ನೋಡಿದರು, ಒಬ್ಬರನ್ನೊಬ್ಬರು ನೋಡಿಕೊಂಡರು.

"ಬ್ಯಾಡ ಅಂದ್ಲಾ?" ಎಂದಳು ಚಿಕ್ಕಕ್ಕ ಮೆಲ್ಲಗೆ.

"ಅಲ್ಲ, ಅವಳು ಇರ್ಲೇ ಇಲ್ಲ. ನಾನೇ ಬರ್ದಿದ್ದು."

"ಹಂಗೆ ಅಂದ್ಕಂಡ್ರೆ ಸಂಕಟ ಕಮ್ಮಿ ಆಗುತ್ತೆ ಅಂತನಾ ತಮ್ಮ," ಎಂದು ಚಿಕ್ಕಕ್ಕ ಅವನ ತಲೆ ಸವರಿದಳು. ಅವಳು ಬೆನ್ನು ಮಾಡಿ ನಿಂತಾಗಲೇ ತನಗೆ ಅನುಮಾನ ಬಂದಿತ್ತು ಎನ್ನುತ್ತ ಸುಲೋಚನಮ್ಮ ಕೆಳಗಿಳಿದರು. ಅವರು ಹದಿನಾಲ್ಕನೇ ಮೆಟ್ಟಿಲು ಮುಟ್ಟುವುದರೊಳಗೆ, ಕೆಳಗೆ ಕಿವಿಗೊಟ್ಟು ನಿಂತಿದ್ದ ಅರ್ಪಿತಾ ಗುಂಪಿಗೆ ಸುದ್ದಿ ಹಾಕಿದ್ದಳು.

ಹಾಲು ಕರೆಯುವ ಹಸು ಬಿಟ್ಟು ಬಂದಿದ್ದ ಚಿಕ್ಕಕ್ಕ ಆರೂವರೆಯ ಬಸ್ಸಿಗೆ ಹೊರಟಳು. ಇನ್ನು ಇವನೆದುರು ಮದುವೆಯ ಮಾತು ಎತ್ತುವುದಿಲ್ಲ ಎಂದು ಆಣೆ ಮಾಡಿ, ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಯಾರೂ ಮೇಲೆ ಬರಲಿಲ್ಲ. ನೊಂದವನನ್ನು ಒಬ್ಬನೇ ಇರಲು ಬಿಡಬೇಕೆಂದು ಪರಮೇಶ್ವರಪ್ಪ ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದನಂತೆ.

ಲಕ್ಷ್ಮೀಶ ವಿಡಿಯೊ ತೆರೆದ. ಶುಭಾಶಯಗಳ ಮೇಲೆ ಈಗ ಧೈರ್ಯ ತಂದುಕೊಳ್ಳಿ, ಎಲ್ಲ ಋಣಾನುಬಂಧ, ಎಂಬ ಮಾತುಗಳು ಸಾಲುಗಟ್ಟಿದ್ದವು. ಬಸ್ಸು ಬಂತು, ಅವಳು ಇಳಿದಳು, ಬೆನ್ನು ಮಾಡಿ ಕೊಡೆ ಬಿಚ್ಚಿದಳು. ಅವನು ಮೂರು ಸಲ ನೋಡಿದ. ನಾಲ್ಕನೆಯ ಸಲಕ್ಕೆ ಅವನಿಗೂ ಅವಳ ಮೇಲೆ ಸಿಟ್ಟು ಬಂತು. ಬೇಡವಾಗಿದ್ದರೆ ಊರಿಗೆಲ್ಲ ಗೊತ್ತಾಗುವ ಮೊದಲು ತನ್ನೊಬ್ಬನಿಗಾದರೂ ಹೇಳಬಹುದಿತ್ತು ಎಂದು ಕಣ್ಣೊರೆಸಿಕೊಂಡ.