ಅತ್ತೆಯ ಕುಂಡದ ಕುರುಡು ಹಾವು

ನಮ್ಮ ಅತ್ತೆ ಬೀದರ ಜಿಲ್ಲೆಯ ಅರ್ಧ ಮನೆಗಳಿಗೆ ಹಾವು ಬಿಟ್ಟವಳು ಎಂದರೆ ನಂಬುತ್ತೀರಾ? ನಂಬಲೇಬೇಕು! ಪೊಲೀಸರಿಗೆ ಮಾತ್ರ ಹೇಳಬೇಡಿ, ಆಕೆ ನನ್ನ ಅಪ್ಪನ ತಂಗಿ. ತಾಯಿ-ತಂದೆ ಇಲ್ಲದ ನನ್ನನ್ನು ನೌಬಾದದಲ್ಲಿ ಸಾಕಿ ಬೆಳೆಸಿದವಳೂ, ಮದುವೆಯ ಗೊಡವೆಗೇ ಹೋಗದ ಈ ಅತ್ತೆಯೇ.

ಯಾರ ಮನೆಯ ಶುಭಕಾರ್ಯವಿರಲಿ, ಎಲ್ಲರೂ ಸೀರೆ ಒಯ್ದರೆ ಈಕೆ ಮಲ್ಲಿಗೆಯ ಕುಂಡ ಒಯ್ಯುತ್ತಾಳೆ. ಕುಂಡದ ಜೊತೆ ಮಣ್ಣು, ಮಣ್ಣಿನ ಜೊತೆ ಎರೆಹುಳದಂಥ ಕುರುಡು ಹಾವು! ಭಾಲ್ಕಿಯ ಕಾಕಾನ ಹೊಸ ಮನೆಯ ಬಚ್ಚಲಲ್ಲಿ ಅದು ಕಂಡಾಗ ಕಾಕಾ ಫೋನಿನಲ್ಲೇ ಕುಣಿದಾಡಿದ.

"ಅಕ್ಕಾ, ನಾಗರದ ಮರಿ ಬಂದದ! ತಾಯಿ ಎಲ್ಲದೋ ಏನೋ!"

"ತಾಯಿ ನನ್ನ ಕುಂಡದಾಗ ಆರಾಮ ಅದ. ಹೊಡಿಬ್ಯಾಡ. ಗೆದ್ದಲ ತತ್ತಿ ತಿಂತದ, ನಿನ್ನ ಹೊಸಾ ಬಾಗಿಲಾ ಉಳಿತಾವ."

ಮಳೆ ನಿಂತ ಸಂಜೆ ಅತ್ತೆ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರೆ ಮುಗಿಯಿತು. ಒದ್ದೆ ಮಣ್ಣಿನಿಂದ ಕರಿ ದಾರದಂತೆ ಅದು ಮೇಲೆ ಬರುತ್ತದೆ. ಚುಕ್ಕೆಯಂಥ ಕಣ್ಣಿಗೆ ಬೆಳಕು, ಕತ್ತಲೆ ಬಿಟ್ಟು ಬೇರೇನೂ ತಿಳಿಯದು. ಬೆಳಕು ತಾಗಿತೋ, ಮತ್ತೆ ಮೆಲ್ಲಗೆ ಮಣ್ಣಿಗಿಳಿಯುತ್ತದೆ. ನೋಡುತ್ತ ನೋಡುತ್ತ ನನಗೂ ಎಚ್ಚರದಲ್ಲೇ ಕನಸು ಬಿದ್ದ ಹಾಗಾಗುತ್ತಿತ್ತು. ಒಳಗೆ ಒಲೆಯ ಮೇಲಿಟ್ಟು ಮರೆತ ಹಾಲು ಮಾತ್ರ ತಪ್ಪದೆ ಉಕ್ಕುತ್ತಿತ್ತು!

ಔರಾದದಿಂದ ಗಂಡಿನವರು ನನ್ನನ್ನು ನೋಡಲು ಬಂದರು. ಹುಡುಗ ನನಗೆ ಬಹಳ ಹಿಡಿಸಿದ್ದ. "ಅತ್ತಿ, ಇವತ್ತೊಂದಿನ ಹಾವಿನ ಸುದ್ದಿ ಬ್ಯಾಡ" ಎಂದು ಮೊದಲೇ ಕೈಮುಗಿದಿದ್ದೆ. ಪಾಪ, ಉಪ್ಪಿಟ್ಟು ಮುಗಿಯುವವರೆಗೂ ತುಟಿ ಬಿಚ್ಚಲಿಲ್ಲ.

ಆಮೇಲೆ ಹುಡುಗನ ತಾಯಿ ಕೇಳಿದರು: "ಹುಡುಗಿನ್ನ ಧಾರಿ ಎರಿಯೋರು ಯಾರ್ರಿ? ಗಂಡ-ಹೆಂಡ್ತಿ ಜೋಡಿ ಬೇಕಲ್ರಿ."

"ಭಾಲ್ಕಿ ತಮ್ಮ, ಅವನ ಹೆಂಡ್ತಿ ಕೂಡ್ತಾರ್ರಿ" ಎಂದಳು ಅತ್ತೆ, ನೆಲ ನೋಡುತ್ತ. ನನಗೆ ತಡೆಯಲಾಗಲಿಲ್ಲ.

"ನಮ್ಮ ಕುಂಡದಾಗ ಒಂದು ಹಾವು ಅದರಿ!" ಎಂದುಬಿಟ್ಟೆ. "ಅದರಾಗ ಗಂಡೇ ಇಲ್ರಿ. ತಾಯಿ ಒಬ್ಬಾಕಿನೇ ತತ್ತಿ ಇಟ್ಟು ಮರಿ ಮಾಡ್ತಾಳ್ರಿ. ಅತ್ತಿನೂ ನನ್ನ ಒಬ್ಬಾಕಿನೇ ಬೆಳೆಸ್ಯಾಳ್ರಿ. ಧಾರಿನೂ ಆಕಿನೇ ಎರಿಬೇಕು. ಇಲ್ಲಂದ್ರ ಈ ಮದುವಿ ಬ್ಯಾಡ್ರಿ."

ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಎದ್ದರು. ಸಂಬಂಧ ಮುರಿಯಿತು ಅಂದುಕೊಂಡೆ.

"ಎಲ್ಲದರಿ ಆ ಹಾವು? ತೋರಸ್ರಿ, ನೋಡೋಣು!"

ಔರಾದದ ಮಂಟಪದಲ್ಲಿ ಅತ್ತೆ ಒಬ್ಬಳೇ ತಂಬಿಗೆ ಹಿಡಿದು ನಿಂತಳು. ನೀರು ಮುಗಿದರೆ ನನ್ನನ್ನು ಕೊಟ್ಟಂತೆ. ಅದಕ್ಕೇ ಎಷ್ಟು ಸಣ್ಣಗೆ ಹೊಯ್ದಳೆಂದರೆ, ಮಂತ್ರ ಹೇಳುತ್ತಿದ್ದ ಐನೋರು "ಸಾಕ್ರಿ ಅಮ್ಮಾ, ಸಾಕು" ಎಂದರೂ ಧಾರೆ ನಿಲ್ಲಲಿಲ್ಲ. ನಾನೂ ಕೈ ತೆಗೆಯಲಿಲ್ಲ.